ಚುಕ್ಕಿಯ ಭೇದಿ, ಮನೆಯ ಮೊಸರು: ಒಂದು ಪ್ರಕರಣ ಅಧ್ಯಯನ

ಚುಕ್ಕಿಗೆ ಸುಮಾರು ಎರಡು ವರ್ಷ. ಹೆಣ್ಣು ಬೆಕ್ಕು, ಮರಿ ಆಗದಂತೆ ಆಪರೇಷನ್ ಆಗಿದೆ, ಲಸಿಕೆಗಳೂ ಆಗಿವೆ. ಶಿವಮೊಗ್ಗದ ಒಂದು ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ವಾಸ. ನನ್ನ ಬಳಿ ಬಂದಾಗ ಮೂರು ವಾರದಿಂದ ಭೇದಿ ಆಗುತ್ತಿತ್ತು. ಲಸಿಕೆ ಕಾರ್ಡಿನಲ್ಲಿ ಬರೆದಿದ್ದ ಹಿಂದಿನ ತೂಕ 3.3 ಕೆಜಿ. ಅವತ್ತು ತಕ್ಕಡಿ ತೋರಿಸಿದ್ದು 2.7. ಇಷ್ಟು ಚಿಕ್ಕ ಪ್ರಾಣಿಯಲ್ಲಿ 600 ಗ್ರಾಂ ಇಳಿಯಿತೆಂದರೆ ಮೈತೂಕದಲ್ಲಿ ಹೆಚ್ಚುಕಮ್ಮಿ ಐದರಲ್ಲೊಂದು ಪಾಲು ಹೋಯಿತೆಂದೇ ಅರ್ಥ.

ಕರೆದುಕೊಂಡು ಬಂದವರು ಮನೆಯ ಅಜ್ಜಿ ಮತ್ತು ಎಂಜಿನಿಯರಿಂಗ್ ಓದುತ್ತಿರುವ ಮೊಮ್ಮಗ. ಅಜ್ಜಿ ಬುಟ್ಟಿಯ ಮುಚ್ಚಳ ತೆಗೆಯುತ್ತಲೇ, “ಮಾತ್ರೆ ಉಷ್ಣ ಆಗಿ ಹೊಟ್ಟೆ ಕೆಟ್ಟಿದೆ ಡಾಕ್ಟ್ರೇ. ದಿನಾ ಮೊಸರು ಕೊಡ್ತಾ ಇದೀವಿ, ಆದ್ರೂ ನಿಲ್ತಾ ಇಲ್ಲ” ಎಂದರು. ಮೊಮ್ಮಗನ ವಿವರಣೆ ಹೀಗಿತ್ತು: ನೆಗಡಿಗೆ ಕೊಟ್ಟ ಆಂಟಿಬಯೋಟಿಕ್‌ನಿಂದ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತಿವೆ, ಮೊಸರು ಸಹಜವಾದ ಪ್ರೋಬಯೋಟಿಕ್ (ಹೊಟ್ಟೆಗೆ ಒಳ್ಳೆಯದು ಮಾಡುವ ಜೀವಂತ ಸೂಕ್ಷ್ಮಜೀವಿ), ಅದು ಸಾಲದೇ ಹೋದದ್ದಕ್ಕೆ ಈಗ ಕೆಫಿರ್ ಎಂಬ ಹುಳಿ ಹಾಲು ಕೂಡ ಶುರು ಮಾಡಿದ್ದೇವೆ. ಇಬ್ಬರೂ ಹೇಳಿದ್ದು ಒಂದೇ ವಿಷಯ. ಇಬ್ಬರ ಮಾತಿನಲ್ಲೂ ತಳ್ಳಿಹಾಕುವಂಥದ್ದು ಏನೂ ಇರಲಿಲ್ಲ. ಆಂಟಿಬಯೋಟಿಕ್‌ನಿಂದ ಬೆಕ್ಕಿನ ಹೊಟ್ಟೆ ಕೆಡುವುದುಂಟು, ಮೊಸರಿನಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದೂ ನಿಜ.

ಈ ಪ್ರಕರಣವನ್ನು ವಿವರವಾಗಿ ಬರೆಯಲು ಕಾರಣ ಇದೆ. ಹೊಟ್ಟೆ ಕೆಟ್ಟ ಬೆಕ್ಕಿಗೆ ಮೊಸರು, ಮಜ್ಜಿಗೆ ಕೊಡುವುದು ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವ ರೂಢಿ. ಕೊಟ್ಟದ್ದರಿಂದ ಬೆಕ್ಕಿಗೆ ಅಪಾಯವಾದದ್ದನ್ನು ನಾನು ಹೆಚ್ಚು ನೋಡಿಲ್ಲ. ನಾನು ನೋಡಿರುವ ಅಪಾಯ ಬೇರೆಯದು: ಮೊಸರು ಕೊಡುತ್ತಿದ್ದೇವೆ ಎಂಬ ಸಮಾಧಾನದಲ್ಲಿ ಕಾರಣ ಹುಡುಕುವುದು ತಡವಾಗುತ್ತದೆ, ಮೊಸರನ್ನವೇ ಊಟವಾಗಿ ಬಿಡುತ್ತದೆ. ಚುಕ್ಕಿಯಲ್ಲಿ ಎರಡೂ ಆಗಿದ್ದವು.

ಹಿಂದಿನ ಕಥೆ

ಚುಕ್ಕಿ ಹುಟ್ಟಿದ್ದು ಸಾಗರ ತಾಲ್ಲೂಕಿನ ಹಳ್ಳಿಯ ಮನೆಯಲ್ಲಿ. ಕೊಟ್ಟಿಗೆ, ಹಿತ್ತಲು, ಹಿಂದೆ ಅಡಿಕೆ ತೋಟ. ಅಲ್ಲಿ ಬೆಳಿಗ್ಗೆ ಹಾಲು ಕರೆಯುವಾಗ ಒಂದಿಷ್ಟು ಹಾಲು, ಮಧ್ಯಾಹ್ನ ಊಟವಾದ ಮೇಲೆ ಒಂದು ತುತ್ತು ಮೊಸರನ್ನ. ಅಜ್ಜ ತೀರಿಕೊಂಡ ಮೇಲೆ ಅಜ್ಜಿ ಮಗನ ಮನೆಗೆ ಬಂದರು, ಚುಕ್ಕಿಯೂ ಬಂತು. ಇಲ್ಲಿ ಹೊರಗೆ ಬಿಡುವಂತಿಲ್ಲ. ಮೊಮ್ಮಗ ಒಣ ಆಹಾರದ ಪೊಟ್ಟಣ ತಂದಿದ್ದ. ಅದರ ಜೊತೆಗೆ ಅಜ್ಜಿಯ ಮೊಸರನ್ನವೂ ನಡೆಯುತ್ತಿತ್ತು.

ಭೇದಿಗೆ ಮುಂಚೆ ಚುಕ್ಕಿಗೆ ನೆಗಡಿ ಆಗಿತ್ತು. ಸೀನು, ಕಣ್ಣಲ್ಲಿ ನೀರು, ಊಟ ಕಡಿಮೆ. ಹತ್ತಿರದ ಕ್ಲಿನಿಕ್ಕಿನಲ್ಲಿ ಡಾಕ್ಸಿಸೈಕ್ಲಿನ್ ಕೊಟ್ಟಿದ್ದರು. ಬೆಕ್ಕಿನ ನೆಗಡಿಗೆ ಅದು ಸರಿಯಾದ ಔಷಧವೇ. ಮಾತ್ರೆ ಶುರುವಾಗಿ ಐದಾರು ದಿನಕ್ಕೆ ಸಗಣಿಯಂಥ ಮೆತ್ತನೆಯ ಮಲ, ಆಮೇಲೆ ಲೋಳೆ, ದಿನಕ್ಕೆ ನಾಲ್ಕೈದು ಸಲ. ಮನೆಯವರು ಮಾತ್ರೆಯ ಮೇಲೆ ಅನುಮಾನಪಟ್ಟಿದ್ದು ಸಹಜ. ಒಣ ಆಹಾರವೂ ಉಷ್ಣ ಎಂದು ಅದನ್ನು ನಿಲ್ಲಿಸಿ ಬರೀ ಮೊಸರನ್ನಕ್ಕೆ ಬಂದರು. ಮೂರನೇ ದಿನ ಮಲ ಗಟ್ಟಿಯಾಯಿತು. “ಮೊಸರು ಕೆಲಸ ಮಾಡ್ತು ಅಂದ್ಕೊಂಡ್ವಿ” ಎಂದ ಮೊಮ್ಮಗ. ಎರಡು ದಿನ ಸರಿಯಿದ್ದು ಮತ್ತೆ ಶುರು. ಮೊಸರು ಹೆಚ್ಚಿಸಿದರು. ಮತ್ತೆ ಒಂದು ದಿನ ಚೆನ್ನಾಗಿತ್ತು, ಮತ್ತೆ ಭೇದಿ.

ಆಗ ಬಂದದ್ದು ಕೆಫಿರ್. ಇದು ಕಾಕಸಸ್ ಪರ್ವತ ಸೀಮೆಯ ಹುಳಿ ಹಾಲು. ನಮ್ಮಲ್ಲಿ ನಿನ್ನೆಯ ಮೊಸರಿನಿಂದ ಹೆಪ್ಪು ಹಾಕುವಂತೆ ಅಲ್ಲಿ ಬಿಳಿಯ ಮೆತ್ತನೆಯ ಕಾಳುಗಳನ್ನು ಹಾಲಿಗೆ ಹಾಕಿ ಒಂದು ದಿನ ಇಡುತ್ತಾರೆ. ಆ ಕಾಳುಗಳಲ್ಲಿ ಬ್ಯಾಕ್ಟೀರಿಯಾದ ಜೊತೆ ಯೀಸ್ಟ್ ಕೂಡ ಇರುತ್ತದೆ. ಹಾಗಾಗಿ ಕೆಫಿರ್‌ನಲ್ಲಿ ಸಣ್ಣಗೆ ಗ್ಯಾಸ್, ತೀರಾ ಕಡಿಮೆ ಪ್ರಮಾಣದ ಮದ್ಯಸಾರವೂ ಇರುತ್ತದೆ. ಚುಕ್ಕಿ ಅದನ್ನು ಮೂಸಿ ಮುಖ ತಿರುಗಿಸಿತಂತೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ಬಾಯಿಗೆ ಹಾಕಿದ್ದಾರೆ. ಎರಡನೇ ದಿನ ವಾಂತಿ, ಮೂರನೇ ದಿನ ಸಿರಿಂಜ್ ಕಂಡರೆ ಮಂಚದ ಕೆಳಗೆ.

ಇಷ್ಟೂ ಹೇಳಿದ ಮೇಲೆ ನಾನು ಕೇಳಿದ ಪ್ರಶ್ನೆ: ನೆಗಡಿ ಬರೋ ಮುಂಚೆ ಮನೆಗೆ ಬೇರೆ ಬೆಕ್ಕು ಬಂದಿತ್ತಾ? ಇಬ್ಬರೂ ಇಲ್ಲ ಎಂದರು. ಹೊರಗೆ ಹೋಗದ, ಲಸಿಕೆ ಆದ ಬೆಕ್ಕಿಗೆ ಇದ್ದಕ್ಕಿದ್ದಂತೆ ನೆಗಡಿ ಎಲ್ಲಿಂದ ಬಂತು ಎಂಬುದು ನನಗೆ ಮನಸ್ಸಿನಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಅಜ್ಜಿಗೇ ನೆನಪಾಯಿತು: “ಕೆಳಗೆ ಪಾರ್ಕಿಂಗ್‌ನಲ್ಲಿ ಒಂದು ಮರಿ ಮಳೇಲಿ ನೆನೀತಿತ್ತು, ನಾಲ್ಕು ದಿನ ಇಟ್ಕೊಂಡಿದ್ವಲ್ಲೋ. ಅದು ಲೆಕ್ಕಕ್ಕೆ ಬರುತ್ತಾ ಡಾಕ್ಟ್ರೇ? ಅದನ್ನ ಮೂರನೇ ಮಹಡಿಯವರಿಗೆ ಕೊಟ್ಟಾಯ್ತು.” ಆ ಮರಿ ಚುಕ್ಕಿ ಮಲಮೂತ್ರಕ್ಕೆ ಹೋಗುವ ಟ್ರೇಯನ್ನೇ ಬಳಸಿತ್ತು. ಅದಕ್ಕೂ ಸೀನು ಇತ್ತು, ಹೊಟ್ಟೆ ಸ್ವಲ್ಪ ಸಡಿಲವಾಗಿತ್ತು. ಮರಿಗಳಿಗೆ ಇದೆಲ್ಲ ಇದ್ದದ್ದೇ ಎಂದು ಯಾರೂ ತಲೆಕೆಡಿಸಿಕೊಂಡಿರಲಿಲ್ಲ.

ತಪಾಸಣೆ

ಜ್ವರ ಇರಲಿಲ್ಲ. ಒಸಡು ಮುಟ್ಟಿದರೆ ಅಂಟಂಟು, ಹೆಗಲ ಬಳಿಯ ಚರ್ಮ ಎತ್ತಿ ಬಿಟ್ಟರೆ ನಿಧಾನಕ್ಕೆ ಕೆಳಗಿಳಿಯುತ್ತಿತ್ತು. ಮೈಯಲ್ಲಿ ನೀರಿನಂಶ ಕಡಿಮೆಯಾಗಿದೆ, ಆದರೆ ಗಾಬರಿಪಡುವಷ್ಟಲ್ಲ. ಹೊಟ್ಟೆ ಒತ್ತಿದರೆ ಕರುಳಿನಲ್ಲಿ ಗಾಳಿ, ನೋವಿಲ್ಲ. ಬೆನ್ನುಮೂಳೆಯ ಎರಡೂ ಬದಿ ಮಾಂಸ ಇಳಿದಿತ್ತು. ಕಣ್ಣಿನ ಪಾಪೆಗೆ ಬೆಳಕು ಬಿಟ್ಟು ನೋಡಿದೆ, ಎದೆಗೆ ಸ್ಟೆತಸ್ಕೋಪ್ ಇಟ್ಟು ಹೆಚ್ಚು ಹೊತ್ತು ಕೇಳಿದೆ. ಮೊಸರನ್ನದ ಮೇಲೆ ಬದುಕುತ್ತಿರುವ ಬೆಕ್ಕಿನಲ್ಲಿ ಇವೆರಡನ್ನೂ ನೋಡಲೇಬೇಕು. ಕಾರಣ ಮುಂದೆ ಬರುತ್ತದೆ. ಚುಕ್ಕಿಯಲ್ಲಿ ಎರಡೂ ಸರಿಯಿದ್ದವು.

ಮಲ ಪರೀಕ್ಷೆಗೆ ಮೊಮ್ಮಗ ಹಿಂದಿನ ದಿನದ್ದನ್ನು ಫ್ರಿಜ್ಜಿನಲ್ಲಿಟ್ಟು ತಂದಿದ್ದ. ನನಗೆ ಬೇಕಿದ್ದದ್ದು ಆಗಿನದು. ಥರ್ಮಾಮೀಟರಿನ ತುದಿಗೆ ಅಂಟಿದ್ದಷ್ಟೇ ಸಾಕಾಯಿತು. ಸ್ಲೈಡಿನ ಮೇಲೆ ಒಂದು ಹನಿ ಬೆಚ್ಚಗಿನ ಸಲೈನ್, ಅದರಲ್ಲಿ ಚಿಟಿಕೆಗಿಂತ ಕಡಿಮೆ ಮಲ ಕಲಸಿ ಮೇಲೆ ಕವರ್ ಗ್ಲಾಸ್ ಮುಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅಲ್ಲಲ್ಲಿ ಚಲನೆ. ಒಂದು ಬದಿ ಅಗಲ, ಇನ್ನೊಂದು ಬದಿ ಚೂಪಾದ ಪುಟ್ಟ ಜೀವಿಗಳು, ಮರದಿಂದ ಎಲೆ ಉದುರುವಾಗ ಮಗುಚುತ್ತ ಮಗುಚುತ್ತ ಬೀಳುವ ಹಾಗೆ ಹೊರಳುತ್ತಿದ್ದವು. ಮೊಮ್ಮಗನನ್ನು ಕರೆದು ತೋರಿಸಿದೆ. ಅದು ಜಿಯಾರ್ಡಿಯಾ.

ಜಿಯಾರ್ಡಿಯಾ ಏಕಕೋಶ ಪರಾವಲಂಬಿ. ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ಬದುಕುತ್ತದೆ, ಗಟ್ಟಿ ಕವಚದ ಸಿಸ್ಟ್ ರೂಪದಲ್ಲಿ ಮಲದಲ್ಲಿ ಹೊರಬರುತ್ತದೆ. ಆ ಸಿಸ್ಟ್ ಇನ್ನೊಂದು ಪ್ರಾಣಿಯ ಬಾಯಿಗೆ ಹೋದರೆ ಸೋಂಕು. ಬೆಕ್ಕುಗಳು ಕಾಲು, ಬಾಲ ನೆಕ್ಕಿಕೊಳ್ಳುವುದರಿಂದ ಒಂದೇ ಟ್ರೇ ಹಂಚಿಕೊಂಡರೆ ಸಾಕು. ಸೋಂಕು ತಗುಲಿ ಒಂದೆರಡು ವಾರಕ್ಕೆ ಭೇದಿ ಕಾಣಿಸುತ್ತದೆ. ಮರಿ ಬಂದ ದಿನ, ನೆಗಡಿ ಹಿಡಿದ ದಿನ, ಮಾತ್ರೆ ಶುರುವಾದ ದಿನ, ಭೇದಿ ಶುರುವಾದ ದಿನ, ಇಷ್ಟನ್ನು ಸಾಲಾಗಿ ಬರೆದು ನೋಡಿದಾಗ ಕಥೆ ತಾನಾಗಿ ಕೂಡಿಕೊಂಡಿತು. ನೆಗಡಿಯೂ ಜಿಯಾರ್ಡಿಯಾವೂ ಒಂದೇ ಮರಿಯಿಂದ ಬಂದಿರುವ ಸಾಧ್ಯತೆ ಹೆಚ್ಚು. ನೆಗಡಿ ಬೇಗ ಕಾಣಿಸಿಕೊಂಡಿತು, ಮಾತ್ರೆ ನಡೆಯುತ್ತಿರುವಾಗಲೇ ಭೇದಿಯ ಸರದಿ ಬಂತು. ನೋಡುವವರ ಕಣ್ಣಿಗೆ ಮಾತ್ರೆ ತಪ್ಪಿತಸ್ಥ.

ಮೊಸರು ಕೊಟ್ಟ ಮೂರನೇ ದಿನ ಮಲ ಗಟ್ಟಿಯಾಯಿತಲ್ಲ, ಅದಕ್ಕೇನು ಹೇಳುತ್ತೀರಿ ಎಂದು ಮೊಮ್ಮಗ ಕೇಳಿದ. ಒಳ್ಳೆಯ ಪ್ರಶ್ನೆ. ಜಿಯಾರ್ಡಿಯಾದ ಭೇದಿ ಒಂದೇ ಸಮನೆ ಇರುವುದಿಲ್ಲ. ತಾನಾಗಿ ನಿಲ್ಲುತ್ತದೆ, ತಾನಾಗಿ ಬರುತ್ತದೆ. ಸಿಸ್ಟ್ ಕೂಡ ದಿನಾ ಬೀಳುವುದಿಲ್ಲ. ಅದಕ್ಕೇ ಒಂದು ದಿನದ ಪರೀಕ್ಷೆಯಲ್ಲಿ ಕಾಣದಿದ್ದರೆ ಬೇರೆ ಬೇರೆ ದಿನದ ಮೂರು ಮಾದರಿ ನೋಡಿ ಎಂಬ ರೂಢಿ ಇದೆ. ಹೀಗೆ ಏರಿಳಿಯುವ ಕಾಯಿಲೆಯಲ್ಲಿ ಏನು ಕೊಟ್ಟರೂ ಯಾವುದೋ ಒಂದು ದಿನ ಅದೇ ಕೆಲಸ ಮಾಡಿದಂತೆ ಕಾಣುತ್ತದೆ. ಜೋರಾಗಿದ್ದಾಗ ಮದ್ದು ಹಾಕುತ್ತೇವೆ, ಜೋರಾದದ್ದು ಇಳಿಯಲೇಬೇಕು.

ಹಾಗಾದರೆ ಮೊಸರಿಗೆ ಇಲ್ಲಿ ಏನೂ ಪಾತ್ರ ಇಲ್ಲವೇ? ಇದೆ, ಉಲ್ಟಾ ದಿಕ್ಕಿನಲ್ಲಿ. ಹಾಲಿನ ಸಕ್ಕರೆ ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಬೆಕ್ಕಿನ ಮರಿಯಲ್ಲಿ ಧಾರಾಳವಾಗಿದ್ದು, ತಾಯಿ ಹಾಲು ಬಿಟ್ಟ ಮೇಲೆ ಇಳಿಯುತ್ತ ಹೋಗುತ್ತದೆ. ಒಡೆಯದ ಲ್ಯಾಕ್ಟೋಸ್ ದೊಡ್ಡ ಕರುಳಿಗೆ ಹೋಗಿ ನೀರನ್ನು ಎಳೆಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಗಾಳಿ ಮಾಡುತ್ತವೆ. ಜಿಯಾರ್ಡಿಯಾ ಅಂಟಿಕೊಳ್ಳುವುದು ಈ ಕಿಣ್ವ ತಯಾರಾಗುವ ಸಣ್ಣ ಕರುಳಿನ ಗೋಡೆಗೇ. ಇದ್ದ ಅಲ್ಪಸ್ವಲ್ಪ ಲ್ಯಾಕ್ಟೇಸ್ ಕೂಡ ಸೋಂಕಿನಲ್ಲಿ ಕಡಿಮೆಯಾಗುತ್ತದೆ. ಮೊದಲು ತೊಂದರೆ ಕೊಡದ ಮೊಸರು ಈಗ ತೊಂದರೆ ಕೊಟ್ಟಿದ್ದು ಹೀಗೆ. ಮನೆಯವರು ಭೇದಿ ಹೆಚ್ಚಾದಾಗಲೆಲ್ಲ ಮೊಸರನ್ನೂ ಹೆಚ್ಚಿಸುತ್ತಿದ್ದರು.

ಮೊಸರಿನಲ್ಲಿ ನಿಜಕ್ಕೂ ಏನಿದೆ

ಹೆಪ್ಪು ಹಾಕಿದ ಹಾಲಿನಲ್ಲಿ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತವೆ, ಆ ಹುಳಿಗೆ ಹಾಲಿನ ಪ್ರೋಟೀನ್ ಗಟ್ಟಿಯಾಗುತ್ತದೆ. ಆದರೆ ಎಲ್ಲ ಲ್ಯಾಕ್ಟೋಸ್ ಹೋಗುವುದಿಲ್ಲ. ಹಸುವಿನ ಹಾಲಿನಲ್ಲಿ ನೂರು ಗ್ರಾಂಗೆ ಐದು ಗ್ರಾಂಗೆ ಹತ್ತಿರ ಇರುವ ಲ್ಯಾಕ್ಟೋಸ್, ಈಗಷ್ಟೇ ಹೆಪ್ಪಾದ ಸಿಹಿ ಮೊಸರಿನಲ್ಲಿ ನಾಲ್ಕರ ಆಸುಪಾಸಿನಲ್ಲಿ ಉಳಿದೇ ಇರುತ್ತದೆ. ಹುಳಿ ಬಂದಷ್ಟೂ ಇಳಿಯುತ್ತದೆ. ನೀರು ಬೆರೆಸಿ ಕಡೆದ ಮಜ್ಜಿಗೆಯಲ್ಲಿ ಲೋಟಕ್ಕೆ ಸಿಗುವ ಪ್ರಮಾಣ ಇನ್ನೂ ಕಡಿಮೆ. ಮನುಷ್ಯರಲ್ಲಿ ಇನ್ನೊಂದು ಅನುಕೂಲ ಕಂಡುಬಂದಿದೆ. ಮೊಸರಿನ ಜೀವಂತ ಬ್ಯಾಕ್ಟೀರಿಯಾ ತಮ್ಮದೇ ಕಿಣ್ವ ತರುವುದರಿಂದ ಹಾಲು ಒಗ್ಗದವರಿಗೂ ಮೊಸರು ಒಗ್ಗುತ್ತದೆ. ಇದು 1980ರ ದಶಕದಿಂದ ಚೆನ್ನಾಗಿ ತಿಳಿದಿರುವ ವಿಷಯ.

ಹುಳಿ ಹಾಲಿನ ಬ್ಯಾಕ್ಟೀರಿಯಾ ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತನ್ನು ವಿಜ್ಞಾನದ ಅಂಗಳಕ್ಕೆ ತಂದವರು ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್. ರೋಗನಿರೋಧಕ ಶಕ್ತಿಯ ಕುರಿತ ಕೆಲಸಕ್ಕೆ 1908ರಲ್ಲಿ ನೊಬೆಲ್ ಪಡೆದ ಅವರು ಬಲ್ಗೇರಿಯಾದ ಹುಳಿ ಹಾಲನ್ನು ದೀರ್ಘಾಯುಷ್ಯಕ್ಕೆ ಜೋಡಿಸಿದ್ದರು. ಇವತ್ತು ಪ್ರೋಬಯೋಟಿಕ್ ಎನ್ನಲು ಅಳತೆಗೋಲು ಬಿಗಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ಹೇಳಿದ ಪ್ರಕಾರ ಸೂಕ್ಷ್ಮಜೀವಿ ಜೀವಂತ ಇರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಅದನ್ನು ಪಡೆದ ಜೀವಿಗೆ ಪ್ರಯೋಜನ ಆಗಬೇಕು. ನಮ್ಮ ಮನೆ ಮೊಸರು ಮೊದಲ ಷರತ್ತನ್ನು ಸಲೀಸಾಗಿ ದಾಟುತ್ತದೆ. ಎರಡನೆಯದು ಮನೆಯಿಂದ ಮನೆಗೆ, ಬೇಸಿಗೆಯಿಂದ ಮಳೆಗಾಲಕ್ಕೆ ಬದಲಾಗುತ್ತದೆ. ಯಾರ ಮನೆಯ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಎಂದು ಪಾತ್ರೆ ನೋಡಿ ಹೇಳಲಾಗದು. ಮೂರನೆಯದು ಬೆಕ್ಕಿನ ಮಟ್ಟಿಗೆ ಸಾಬೀತಾಗಿಲ್ಲ.

ಬೆಕ್ಕುಗಳಲ್ಲಿ ಪರೀಕ್ಷೆಯಾಗಿರುವುದು ಬೇರೆ ತಳಿಗಳು. ಅಮೆರಿಕದ ಕೊಲರಾಡೊದ ಒಂದು ಆಶ್ರಯ ಕೇಂದ್ರದಲ್ಲಿ ಒಂದು ಕೋಣೆಯ ಬೆಕ್ಕುಗಳಿಗೆ ಊಟದ ಜೊತೆ ಎಂಟರೋಕಾಕಸ್ ಫೀಸಿಯಮ್ ಎಂಬ ಬ್ಯಾಕ್ಟೀರಿಯಾದ ಎಸ್‌ಎಫ್68 ತಳಿಯ ಪುಡಿ, ಇನ್ನೊಂದು ಕೋಣೆಯವಕ್ಕೆ ಬರೀ ಹುಸಿ ಪುಡಿ ಕೊಟ್ಟು ನೋಡಿದರು. ಎರಡು ದಿನ ಅಥವಾ ಅದಕ್ಕಿಂತ ಹೆಚ್ಚು ಭೇದಿಯಾದ ಬೆಕ್ಕುಗಳು ಪುಡಿ ಪಡೆದ ಗುಂಪಿನಲ್ಲಿ ಶೇ 7.4, ಇನ್ನೊಂದರಲ್ಲಿ ಶೇ 20.7. ಇದು 2011ರಲ್ಲಿ ಪ್ರಕಟವಾಯಿತು. ನನಗೆ ಈ ಫಲಿತಾಂಶದ ಮೇಲೆ ವಿಶ್ವಾಸ ಇದೆ, ಪುಡಿ ಸಿಕ್ಕಾಗ ಬಳಸುತ್ತೇನೆ. ಆದರೆ ಆ ಸಂಖ್ಯೆಯನ್ನು ತಂದು ಮೊಸರಿನ ಬಟ್ಟಲಿನ ಮೇಲೆ ಅಂಟಿಸುವ ಹಾಗಿಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ಹಾಲಿನಲ್ಲಿ ಬೆಳೆಯಲು ಒಗ್ಗಿಕೊಂಡಂಥವು. ಹೊಟ್ಟೆಯ ಆಮ್ಲ ದಾಟುವಾಗಲೇ ಬಹುಪಾಲು ಸಾಯುತ್ತವೆ, ಉಳಿದವು ಬೆಕ್ಕಿನ ಕರುಳಿನಲ್ಲಿ ನೆಲೆ ನಿಲ್ಲದೆ ದಾಟಿ ಹೋಗುತ್ತವೆ.

ಇಲ್ಲಿ ಇನ್ನೊಂದು ವಿಷಯ ಒತ್ತಿ ಹೇಳಬೇಕು, ಏಕೆಂದರೆ ಇದು ಮನೆಮನೆಯಲ್ಲೂ ನಡೆಯುತ್ತದೆ. ಚುಕ್ಕಿಯ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಪುಡಿ ಮಾಡಿ ಮೊಸರಿನಲ್ಲಿ ಕಲಸಿ ಕೊಟ್ಟಿದ್ದರು. ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳು ಹಾಲು, ಮೊಸರಿನ ಕ್ಯಾಲ್ಸಿಯಂ ಜೊತೆ ಕೂಡಿಕೊಂಡು ರಕ್ತಕ್ಕೆ ಕಡಿಮೆ ಸೇರುತ್ತವೆ. ಡಾಕ್ಸಿಸೈಕ್ಲಿನ್‌ನಲ್ಲಿ ಈ ತೊಂದರೆ ಹಳೆಯ ಟೆಟ್ರಾಸೈಕ್ಲಿನ್‌ನಷ್ಟು ಇಲ್ಲದಿದ್ದರೂ ಇದೆ. ಹಾಗೆಂದು ಆ ಮಾತ್ರೆಯನ್ನು ಒಣಗಂಟಲಿಗೆ ತುರುಕುವುದು ಇನ್ನೂ ಕೆಟ್ಟದ್ದು. ಬೆಕ್ಕಿನ ಅನ್ನನಾಳದಲ್ಲಿ ಅದು ಅಂಟಿ ಕೂತರೆ ಸುಟ್ಟ ಗಾಯವಾಗಿ, ಆಮೇಲೆ ಅನ್ನನಾಳವೇ ಕಿರಿದಾಗಬಹುದು. ಮಾತ್ರೆಯ ಹಿಂದೆಯೇ ಐದಾರು ಮಿಲಿ ನೀರು, ಅಥವಾ ಒಂದು ಚಮಚ ಮೆತ್ತನೆಯ ಹಾಲಿಲ್ಲದ ಆಹಾರ ಹೋಗಲೇಬೇಕು.

ಬಟ್ಟಲಿನ ಲೆಕ್ಕ

ಮೊಮ್ಮಗನಿಗೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಹೇಳಲು ಫೋನಿನಲ್ಲಿ ಕೇಳಿಕೊಂಡೆ. ದಿನಕ್ಕೆ ಸುಮಾರು 150 ಗ್ರಾಂ ಮೊಸರು, ಒಂದು ಹಿಡಿ ಅನ್ನ. ಅಂದರೆ ಮೊಸರಿನಿಂದ 90 ಕಿಲೊಕ್ಯಾಲೊರಿ, ಐದು ಗ್ರಾಂ ಪ್ರೋಟೀನ್, ಐದಾರು ಗ್ರಾಂ ಲ್ಯಾಕ್ಟೋಸ್. ಮೂರು ಕೆಜಿಯ ಬೆಕ್ಕಿಗೆ ದಿನಕ್ಕೆ 180 ಕಿಲೊಕ್ಯಾಲೊರಿಯಷ್ಟು ಬೇಕು, ಪ್ರೋಟೀನ್ ತೀರಾ ಕಡಿಮೆ ಎಂದರೂ ಹತ್ತು ಗ್ರಾಂ. ಅನ್ನ ಉಳಿದದ್ದನ್ನು ತುಂಬುತ್ತದಲ್ಲ ಎನ್ನಬಹುದು. ಚುಕ್ಕಿ ತಿನ್ನುವುದನ್ನು ಅವರು ವಿಡಿಯೊ ಮಾಡಿ ಕಳಿಸಿದ್ದರು. ಮೊದಲು ಮೇಲಿನ ಕೆನೆ ನೆಕ್ಕಿತು. ಆಮೇಲೆ ಅಗುಳಿನ ಸುತ್ತ ಇದ್ದ ಮೊಸರನ್ನು ನಾಲಿಗೆಯಲ್ಲೇ ಬಿಡಿಸಿ ತೆಗೆಯಿತು. ಕೊನೆಗೆ ಸ್ಟೀಲ್ ಬಟ್ಟಲಿನಲ್ಲಿ ತೊಳೆದಿಟ್ಟಂಥ ಅನ್ನ ಉಳಿಯಿತು. ಅಜ್ಜಿ ಅದನ್ನು ತೆಗೆದು ಇನ್ನಷ್ಟು ಮೊಸರು ಹಾಕಿದರು. ಬೆಕ್ಕಿಗೆ ಸಿಹಿಯ ರುಚಿಯೇ ತಿಳಿಯದು. ಅದಕ್ಕೆ ಬೇಕಾದ ಜೀನ್ ಬೆಕ್ಕಿನಲ್ಲಿ ಕೆಟ್ಟು ಹೋಗಿದೆ ಎಂದು 2005ರಲ್ಲೇ ಗೊತ್ತಾಗಿದೆ. ಮೊಸರಿನ ಬಟ್ಟಲಿಗೆ ಅದು ಬರುವುದು ಕೊಬ್ಬಿಗಾಗಿ, ಪ್ರೋಟೀನಿಗಾಗಿ.

ಇದಕ್ಕಿಂತ ದೊಡ್ಡ ಕೊರತೆ ಟಾರಿನ್ ಎಂಬ ಪೋಷಕಾಂಶದ್ದು. ಬೆಕ್ಕು ತನ್ನ ಮೈಯಲ್ಲಿ ಇದನ್ನು ಬೇಕಾದಷ್ಟು ತಯಾರಿಸಿಕೊಳ್ಳಲಾರದು, ಮಾಂಸದಿಂದಲೇ ಪಡೆಯಬೇಕು. ಟಾರಿನ್ ಇಲ್ಲದ ಆಹಾರ ತಿಂದ ಬೆಕ್ಕುಗಳ ಅಕ್ಷಿಪಟಲ ನಾಶವಾಗಿ ಕುರುಡಾಗುತ್ತವೆ ಎಂಬುದು 1975ರಲ್ಲಿ, ಹೃದಯದ ಸ್ನಾಯು ಸಡಿಲಾಗಿ ಹಿಗ್ಗುತ್ತದೆ ಎಂಬುದು 1987ರಲ್ಲಿ ಪ್ರಕಟವಾಯಿತು. ಹೃದಯವನ್ನು ಟಾರಿನ್ ಕೊಟ್ಟು ಎಷ್ಟೋ ಮಟ್ಟಿಗೆ ಸರಿಪಡಿಸಬಹುದು, ಕಣ್ಣನ್ನು ಆಗದು. ಹಸುವಿನ ಹಾಲಿನಲ್ಲಿ ಟಾರಿನ್ ಇಲ್ಲವೆನ್ನುವಷ್ಟು ಕಡಿಮೆ, ಅನ್ನದಲ್ಲಿ ಇಲ್ಲವೇ ಇಲ್ಲ. ಹಾನಿ ಕಾಣಿಸಲು ತಿಂಗಳುಗಳೇ ಬೇಕಾಗುವುದರಿಂದ ಚುಕ್ಕಿ ಪಾರಾಗಿತ್ತು.

ಅಜ್ಜಿ ಕೇಳಿದ ಪ್ರಶ್ನೆ ಇಡೀ ಪ್ರಕರಣದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿತು: “ನಮ್ಮೂರಲ್ಲಿ ತಲೆತಲಾಂತರದಿಂದ ಬೆಕ್ಕಿಗೆ ಮೊಸರನ್ನವೇ ಹಾಕಿದ್ದು. ಯಾವುದೂ ಕುರುಡಾಗಿಲ್ಲ, ಯಾವುದಕ್ಕೂ ಹೀಗೆ ಆಗಿಲ್ಲ.” ಅವರು ನೋಡಿದ್ದು ಸುಳ್ಳಲ್ಲ. ಹಳ್ಳಿಮನೆಯ ಬೆಕ್ಕು ಮೊಸರನ್ನ ತಿಂದು ಎದ್ದು ಹೋಗಿ ಅಟ್ಟದಲ್ಲಿ, ಕೊಟ್ಟಿಗೆಯಲ್ಲಿ, ತೋಟದಲ್ಲಿ ಇಲಿ, ಓತಿಕ್ಯಾತ, ಹಕ್ಕಿ ಹಿಡಿಯುತ್ತದೆ. ಒಂದು ಇಲಿಯಲ್ಲಿ ಟಾರಿನ್ ಧಾರಾಳವಾಗಿದೆ. ಮನೆಯವರ ಕಣ್ಣಿಗೆ ಬೀಳುವ ಊಟ ಮೊಸರನ್ನ, ಬೆಕ್ಕನ್ನು ಸಾಕುವ ಊಟ ತೋಟದ್ದು. ಇನ್ನೊಂದು, ಅಡಿಕೆ ತೋಟದ ಮಣ್ಣು ಕೆದಕಿ ಮುಚ್ಚಿದ ಬೆಕ್ಕಿನ ಮಲವನ್ನು ಯಾರು ನೋಡುತ್ತಾರೆ? ಅಲ್ಲಿಯೂ ಹೊಟ್ಟೆ ಸಡಿಲವಾದ ದಿನಗಳು ಇದ್ದಿರಬಹುದು. ಅಪಾರ್ಟ್‌ಮೆಂಟಿನಲ್ಲಿ ಟ್ರೇ ಬಾಲ್ಕನಿಯಲ್ಲಿ ಎದುರಿಗೇ ಇದೆ. ಎರಡನೇ ಮಹಡಿಗೆ ಬಂದ ಚುಕ್ಕಿಗೆ ತೋಟ ತಪ್ಪಿತು, ಒಣ ಆಹಾರವೂ ನಿಂತ ಮೇಲೆ ಮೊಸರನ್ನ ಮಾತ್ರ ಉಳಿಯಿತು.

ಚಿಕಿತ್ಸೆ

ಮೊದಲ ದಿನ ಚರ್ಮದಡಿ ಸಲೈನ್ ಕೊಟ್ಟೆ. ಜಿಯಾರ್ಡಿಯಾಕ್ಕೆ ತೂಕಕ್ಕೆ ಸರಿಯಾಗಿ ಫೆನ್ಬೆಂಡಜೋಲ್ ಐದು ದಿನ. ಕೆಫಿರ್, ಸಿರಿಂಜ್, ಮೊಸರು ಎಲ್ಲ ಬಂದ್. ನೆಗಡಿ ವಾಸಿಯಾಗಿದ್ದರಿಂದ, ಡಾಕ್ಸಿಸೈಕ್ಲಿನ್ ಆಗಲೇ ಮುಗಿದಿದ್ದರಿಂದ ಬೇರೆ ಆಂಟಿಬಯೋಟಿಕ್ ಬೇಕಿರಲಿಲ್ಲ. ಟ್ರೇಯನ್ನು ದಿನಾ ಖಾಲಿ ಮಾಡಿ ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಬೇಕು, ಔಷಧದ ಕೊನೆಯ ದಿನ ಚುಕ್ಕಿಯ ಹಿಂಭಾಗ, ಬಾಲ ತೊಳೆಯಬೇಕು. ಕೂದಲಿಗೆ ಅಂಟಿದ ಸಿಸ್ಟ್ ನೆಕ್ಕಿದರೆ ಸೋಂಕು ಮೊದಲಿಗೇ ಬರುತ್ತದೆ. ಬೆಕ್ಕಿನ ಜಿಯಾರ್ಡಿಯಾ ಮನುಷ್ಯರಿಗೆ ಬರುವುದು ಅಪರೂಪವಾದರೂ ಟ್ರೇ ಮುಟ್ಟಿದವರು ಸೋಪು ಹಾಕಿ ಕೈ ತೊಳೆಯಲೇಬೇಕು.

ಕಷ್ಟ ಅನ್ನಿಸಿದ್ದು ಊಟದ ವಿಷಯ. ಮನೆಯವರು ಶುದ್ಧ ಸಸ್ಯಾಹಾರಿಗಳು. ಕೋಳಿ ಬೇಯಿಸಿ ಹಾಕಿ ಎನ್ನುವಂತಿಲ್ಲ. ಬೆಕ್ಕಿಗೆಂದೇ ತಯಾರಾದ ಸಂಪೂರ್ಣ ಆಹಾರದ ಪೊಟ್ಟಣಗಳನ್ನು ಹೇಳಿದೆ. ಅದರಲ್ಲೂ ಮಾಂಸ ಇರುತ್ತದೆ ಎಂಬುದನ್ನು ಮುಚ್ಚಿಡದೆ ಹೇಳಿದೆ. ಮೊಮ್ಮಗ ಅಜ್ಜಿಯ ಮುಖ ನೋಡಿದ. ಅಜ್ಜಿ ಯೋಚಿಸಲೂ ಇಲ್ಲ: “ಊರಲ್ಲಿ ಇಲಿ ಹಿಡ್ಕೊಂಡು ಜಗಲಿಗೆ ತಂದಾಗ ನಾವೇನು ಬೈತಿದ್ವಾ? ಬೆಕ್ಕಿಗೆ ಬೆಕ್ಕಿನ ಊಟ. ಬಟ್ಟಲು ಬೇರೆ ಇರ್ಲಿ, ಬಾಲ್ಕನೀಲಿ ಹಾಕು, ಅಷ್ಟೇ.” ಇಂಥ ಮನೆಗಳಲ್ಲಿ ಈ ಮಾತು ಆಡುವುದು ಹೇಗೆಂದು ನಾನು ಎಷ್ಟೋ ಸಲ ತಡವರಿಸಿದ್ದೇನೆ. ಈಗ ಅಜ್ಜಿಯ ಮಾತನ್ನೇ ಬೇರೆಯವರಿಗೂ ಹೇಳುತ್ತೇನೆ.

ನಾಲ್ಕನೇ ದಿನಕ್ಕೆ ಲೋಳೆ ನಿಂತಿತು. ಎರಡನೇ ವಾರದಲ್ಲಿ ಮಲ ಆಕಾರಕ್ಕೆ ಬಂತು, ಮತ್ತೆ ಪರೀಕ್ಷೆ ಮಾಡಿದಾಗ ಜಿಯಾರ್ಡಿಯಾ ಕಾಣಲಿಲ್ಲ. ಎರಡು ತಿಂಗಳಿಗೆ ತೂಕ 3.2. ಔಷಧ, ಆಹಾರ, ಮೊಸರು ನಿಲ್ಲಿಸಿದ್ದು ಮೂರೂ ಒಟ್ಟಿಗೇ ಆದದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು. ಮೊಸರಿನ ಪಾಲನ್ನು ಮಾತ್ರ ಆಮೇಲೆ ಬೇರೆಯಾಗಿ ನೋಡಲು ಅವಕಾಶ ಸಿಕ್ಕಿತು.

ಮತ್ತೆ ಮೊಸರು

ಚುಕ್ಕಿ ಸರಿಹೋದ ಮೇಲೆ ಅಜ್ಜಿ ಕೇಳಿದ್ದು, “ಇನ್ನು ಮೊಸರು ಮುಟ್ಟಿಸಲೇ ಬಾರ್ದಾ? ನಾನು ಊಟಕ್ಕೆ ಕೂತ್ರೆ ಬಂದು ಕೂರುತ್ತೆ.” ಕೊಡಿ, ಆದರೆ ಅಳತೆ ಇಟ್ಟು ಕೊಡಿ, ಬರೆದಿಡಿ ಎಂದೆ. ಮಲ ಎರಡು ವಾರ ಸತತವಾಗಿ ಗಟ್ಟಿಯಿದ್ದ ಮೇಲೆ, ರಾತ್ರಿ ಹೆಪ್ಪು ಹಾಕಿ ಚೆನ್ನಾಗಿ ಹುಳಿ ಬಂದ ಸಾದಾ ಮೊಸರು ದಿನಕ್ಕೆ ಒಂದು ಟೀ ಚಮಚ, ಒಂದು ವಾರ. ಏನೂ ಆಗಲಿಲ್ಲ. ಎರಡು ಚಮಚಕ್ಕೆ ಏರಿಸಿದರು, ಆಗಲೂ ಸರಿ. ಒಂದು ದಿನ ಮನೆಯಲ್ಲಿ ಹಬ್ಬ, ಯಾರೋ ಸಿಹಿ ಮೊಸರನ್ನು ಸಣ್ಣ ಬಟ್ಟಲಿನ ತುಂಬ ಹಾಕಿದರು. ಮರುದಿನ ಮಲ ಮೆತ್ತಗೆ. ನಿಲ್ಲಿಸಿದ ಮೇಲೆ ತಾನಾಗಿ ಸರಿಹೋಯಿತು. ಇದರಿಂದ ಚುಕ್ಕಿಯ ಮಿತಿ ತಿಳಿಯಿತು: ಒಂದೆರಡು ಚಮಚ ಹುಳಿ ಮೊಸರು ಸೈ, ಬಟ್ಟಲು ಬೇಡ. ಬೇರೆ ಬೆಕ್ಕಿಗೆ ಬೇರೆ ಮಿತಿ. ಒಂದು ಚಮಚಕ್ಕೇ ಹೊಟ್ಟೆ ಕೆಡುವ ಬೆಕ್ಕುಗಳನ್ನೂ ನೋಡಿದ್ದೇನೆ.

ಎರಡು ಚಮಚ ಮೊಸರೆಂದರೆ ಆರು ಕಿಲೊಕ್ಯಾಲೊರಿ. ಊಟಕ್ಕೆ ಅಡ್ಡಿಯಾಗುವಷ್ಟು ಇಲ್ಲ, ಅಜ್ಜಿಗೂ ಬೆಕ್ಕಿಗೂ ಖುಷಿ. ಪ್ರೋಬಯೋಟಿಕ್ ಚಿಕಿತ್ಸೆ ಎಂದು ಅದನ್ನು ಕರೆಯಲು ನಾನು ಒಪ್ಪುವುದಿಲ್ಲ, ಕೊಡಬೇಡಿ ಎಂದೂ ಹೇಳುವುದಿಲ್ಲ. ಆದರೆ ಮನೆಯ ಊಟದಿಂದ ತೆಗೆದು ಹಾಕುವಾಗ ಎಚ್ಚರ ಬೇಕು. ಮೊಸರುಬಜ್ಜಿಯಲ್ಲಿ ಈರುಳ್ಳಿ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಹಸಿಯಾದರೂ ಬೇಯಿಸಿದರೂ ಅಷ್ಟೇ. ಒಗ್ಗರಣೆ ಹಾಕಿದ, ಉಪ್ಪು ಬೆರೆಸಿದ, ದ್ರಾಕ್ಷಿ ಹಾಕಿದ ಮೊಸರನ್ನ ಬೇಡ. ಅಂಗಡಿಯ ಹಣ್ಣಿನ ಸ್ವಾದದ ಯೋಗರ್ಟ್ ಬೇಡ. ಮೂತ್ರಪಿಂಡದ ತೊಂದರೆ ಇರುವ ವಯಸ್ಸಾದ ಬೆಕ್ಕಿಗೆ ಮೊಸರಿನ ರಂಜಕ ಒಳ್ಳೆಯದಲ್ಲ, ಕೇಳದೆ ಕೊಡಬಾರದು. ಹಾಲು ಕಾಯಿಸಿಯೇ ಹೆಪ್ಪು ಹಾಕುವ ನಮ್ಮ ಪದ್ಧತಿ ಬಹಳ ಒಳ್ಳೆಯದು, ಸಹಜ ಎಂಬ ಹೆಸರಿನಲ್ಲಿ ಅದನ್ನು ಬಿಡಬಾರದು. 2024ರಲ್ಲಿ ಅಮೆರಿಕದ ಟೆಕ್ಸಾಸ್‌ನ ಡೈರಿಯಲ್ಲಿ ಹಕ್ಕಿಜ್ವರ ತಗುಲಿದ ಹಸುಗಳ ಹಸಿ ಹಾಲು ಕುಡಿದ ಬೆಕ್ಕುಗಳು ಸತ್ತವು. ಹುಳಿ ಬರಿಸಿದ ಮಾತ್ರಕ್ಕೆ ಹಸಿ ಹಾಲು ಸುರಕ್ಷಿತ ಎನ್ನಲಾಗದು.

ಯಾವಾಗ ಮೊಸರಿನ ಯೋಚನೆಯನ್ನೇ ಬಿಟ್ಟು ಆಸ್ಪತ್ರೆಗೆ ಓಡಬೇಕು? ಲಸಿಕೆ ಆಗದ ಮರಿಗೆ ವಾಂತಿ ಭೇದಿ ಎರಡೂ ಶುರುವಾಗಿ ಮಂಕಾದರೆ ಒಂದು ಹೊತ್ತೂ ಕಾಯಬಾರದು. ಅದು ಪ್ಯಾನ್‌ಲ್ಯುಕೋಪೀನಿಯಾ ಎಂಬ ಮಾರಕ ವೈರಸ್ ಕಾಯಿಲೆ ಆಗಿದ್ದರೆ ಎರಡು ಮೂರು ದಿನದಲ್ಲಿ ಮರಿ ಕೈತಪ್ಪುತ್ತದೆ. ಮಲದಲ್ಲಿ ರಕ್ತ ಕಂಡರೆ, ದೊಡ್ಡ ಬೆಕ್ಕು ಎರಡು ದಿನ ಏನೂ ತಿನ್ನದಿದ್ದರೆ ಆಗಲೂ ಹಾಗೆಯೇ. ಊಟ ಬಿಟ್ಟ ಬೆಕ್ಕಿನ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ, ಅದೇ ಬೇರೆ ಕಾಯಿಲೆಯಾಗುತ್ತದೆ. ಚೂಟಿಯಾಗಿ ಓಡಾಡಿಕೊಂಡು ತಿನ್ನುತ್ತಿರುವ ಬೆಕ್ಕಿಗೂ ಭೇದಿ ಒಂದು ವಾರ ದಾಟಿದರೆ ಮಲ ಪರೀಕ್ಷೆ ಆಗಲೇಬೇಕು. ಬರುವಾಗ ಆಗಿನ ಮಲವನ್ನೇ ತನ್ನಿ, ಫ್ರಿಜ್ಜಿನದು ಬೇಡ.

ಮೂರನೇ ಮಹಡಿಗೆ ಹೋದ ಮರಿಯನ್ನೂ ಕರೆಸಿಕೊಂಡೆ. ಅದರ ಮಲದಲ್ಲೂ ಜಿಯಾರ್ಡಿಯಾ ಇತ್ತು, ಜೊತೆಗೆ ದುಂಡು ಜಂತುವಿನ ಮೊಟ್ಟೆಗಳು. ಅವರು ಅದಕ್ಕೆ ದಿನಕ್ಕೆ ಮೂರು ಸಲ ಹಸುವಿನ ಹಾಲು ಹಾಕುತ್ತಿದ್ದರು. ಎರಡಕ್ಕೂ ಔಷಧ ಕೊಟ್ಟು, ಹಾಲು ನಿಲ್ಲಿಸಿ, ಮರಿಗಳ ಆಹಾರ ಶುರು ಮಾಡಿಸಿದ್ದಾಯಿತು. ಮುಂದಿನ ವಾರ ಅದರ ಮೊದಲ ಲಸಿಕೆ ಇದೆ.